ದಸರಾಗೆ ಬೈಕಲ್ಲಿ ಮೈಸೂರಿಗೆ ಹೊರಟಿದೀರಾ? ಮೊದಲು ನಮ್ಮ ಲಾಡ್ಜ್ ಕಥೆ ಕೇಳಿ

ನಾವಿಬ್ರೂ ತಿಂಗಳಿಗೊಂದು ಸಲನಾದ್ರೂ ಶನಿವಾರ ಬೆಳಿಗ್ಗೆ ಬೈಕ್ ಎತ್ಕೊಂಡು ಹೊರಡೋರು, ಹೋದ ಊರಲ್ಲಿ ಯಾವುದಾದ್ರೂ ಸಂಗೀತ ಕಛೇರಿ ಇದ್ರಂತೂ ಹಬ್ಬಾನೇ. ಸಿಟಿಯೊಳಗೆ ದುಡ್ಡು ಕೊಟ್ಟು ಗಂಟೆಗಟ್ಲೆ ನಿಂತು ಕೇಳೋ ಶೋಗಳು ನನಗೆ ಸಾಕಾಗಿವೆ, ಜನ ಮೈಮೇಲೆ ಬಿದ್ರೆ ನನಗೆ ತಲೆನೋವು ಬರತ್ತೆ. ಹಂಗಿದ್ರೂ ಹೋದ ದಸರಾಗೆ ಮೈಸೂರಿಗೆ ಹೋಗಿದ್ದು ಅರಮನೆ ಮುಂದಿನ ಸಂಗೀತಕ್ಕೋಸ್ಕರ. ಜಂಬೂಸವಾರಿಗೆ ಅಲ್ಲ, ಅದಕ್ಕೆ ನನ್ನನ್ನ ಯಾರೂ ಕರೀಬೇಡಿ.

ಲಾಡ್ಜ್ ವಿಷ್ಯಕ್ಕೆ ಬರ್ತೀನಿ. ಬಸ್ ಸ್ಟ್ಯಾಂಡ್ ಕಡೆ ಒಂದು ಲಾಡ್ಜ್, ಹೆಸ್ರು ಬೇಡ. ಹತ್ತು ದಿನ ಮುಂಚೆ ನಮ್ಮೋರು ಫೋನ್ ಮಾಡಿ ಮಾತಾಡಿದ್ರು, ಡಬಲ್ ರೂಮ್ 1,800, 24 ಗಂಟೆ ಚೆಕ್‌ಔಟ್, ಅಡ್ವಾನ್ಸ್ 500 ಕಳ್ಸಿದ್ವಿ, ದುಡ್ಡು ಹೋಯ್ತು ಅಂತ ಫೋನಿಗೆ ಮೆಸೇಜೂ ಬಂತು, ಮುಗೀತು ಅನ್ಕೊಂಡ್ವಿ. ಹೋಗಿ ನಿಂತ್ರೆ ಕೌಂಟರ್‌ನಲ್ಲಿದ್ದ ಹುಡುಗ ರಿಜಿಸ್ಟರ್ ತಿರುವಿ ಹಾಕಿ "ಸಾರ್, ಅದು ಮಾಮೂಲಿ ರೇಟು, ದಸರಾಗೆ 3,500" ಅಂದ. ಹತ್ತು ದಿನದ ಹಿಂದೆ ಯಾಕೆ ಹೇಳ್ಲಿಲ್ಲ ಅಂತ ನಾನು ಕೇಳಿದ್ರೆ "ನೀವು ಕೇಳ್ಲಿಲ್ಲ ಮೇಡಂ" ಅಂತಾನೆ! ನಮ್ಮ ಹಿಂದೆ ಮಕ್ಕಳನ್ನ ಎತ್ಕೊಂಡು ಇನ್ನೆರಡು ಫ್ಯಾಮಿಲಿ ಕಾಯ್ತಾ ಇದ್ರು, ನಾವು ಬಿಟ್ರೆ ಅವ್ರು ತಗೋತಾರೆ ಅಂತ ಅವನಿಗೂ ಗೊತ್ತು ನಮಗೂ ಗೊತ್ತು. ಕೊಟ್ವಿ. ರೂಮಲ್ಲಿ ಕಿಟಕಿ ಇತ್ತು, ತೆಗೆದ್ರೆ ಪಕ್ಕದ ಬಿಲ್ಡಿಂಗ್ ಗೋಡೆ, ಕೈ ಚಾಚಿದ್ರೆ ಮುಟ್ಟಬಹುದು. ಬಿಸಿನೀರು ಬೆಳಿಗ್ಗೆ 6ರಿಂದ 7 ಅಂತ ಬಾಗಿಲ ಹಿಂದೆ ಬರ್ದಿದ್ರು, 6:20ಕ್ಕೆ ನಲ್ಲಿ ತಿರುಗಿಸಿದ್ರೆ ತಣ್ಣೀರು. ಆಮೇಲೆ ಭಾನುವಾರ ಬೆಳಿಗ್ಗೆ 8ಕ್ಕೆ ಬಾಗಿಲು ಬಡಿದ್ರು, ದಸರಾದಲ್ಲಿ 24 ಗಂಟೆ ಇಲ್ವಂತೆ, 9ಕ್ಕೆ ಖಾಲಿ ಮಾಡ್ಬೇಕಂತೆ.

ಅದಕ್ಕೇ ಹೇಳ್ತಿರೋದು, ಫೋನಲ್ಲಿ ಮಾತಾಡಿ ಬಿಡ್ಬೇಡಿ. ಯಾವ ತಾರೀಕು, ರೇಟು ಎಷ್ಟು, ಖಾಲಿ ಮಾಡೋ ಹೊತ್ತು ಯಾವ್ದು, ಈ ಮೂರೂ ಅವ್ರ ಕೈಯಿಂದಲೇ ವಾಟ್ಸಾಪಲ್ಲಿ ಬರೆಸ್ಕೊಳ್ಳಿ, ಅಡ್ವಾನ್ಸ್ ಆಮೇಲೆ ಕಳ್ಸಿ. ಇಲ್ಲಾಂದ್ರೆ ನಂಜನಗೂಡಲ್ಲೋ ಶ್ರೀರಂಗಪಟ್ಟಣದಲ್ಲೋ ಉಳ್ಕೊಂಡು ಬನ್ನಿ, ಮುಂದಿನ ಸಲ ನಾವು ಮಾಡೋದೂ ಅದನ್ನೇ.

ಈಗ ದಾರಿ. ಬೈಕ್‌ನೋರು ತುಂಬಾ ಜನಕ್ಕೆ ಇನ್ನೂ ಗೊತ್ತಿಲ್ಲ, 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೊಸ ಹೈವೇ ಮೇನ್ ರೋಡಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಬಿಡಲ್ಲ. ಸರ್ವೀಸ್ ರೋಡು, ಇಲ್ಲಾ ಊರೊಳಗಿನ ಹಳೇ ರೋಡು. ಕಾರಿನೋರು ಕಣಿಮಿಣಿಕೆ, ಗಣಂಗೂರು ಎರಡು ಕಡೆ ಟೋಲ್ ಕಟ್ಟಿ ಬೇಗ ಮುಟ್ಕೋತಾರೆ, ನಮಗೆ ಟೋಲ್ ಇಲ್ಲ, ಟೈಮ್ ಮಾತ್ರ ಡಬಲ್. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಾ ಊರಿನ ಹಂಪೂ ಎಣಿಸ್ಕೊಂಡು ಹೋಗ್ಬೇಕು. ನಮ್ಮೋರಂತೂ ಕುಂಬಳಗೋಡಿನಿಂದಲೇ ಗೊಣಗೋಕೆ ಶುರು.

ಆ ಗೊಣಗಾಟ ನಿಂತಿದ್ದು ಬಿಡದಿಲಿ. ಹಳೇ ರೋಡ್ ಪಕ್ಕ ಶೀಟ್ ಹಾಕಿದ ಚಿಕ್ಕ ಹೋಟ್ಲು, ನಾಲ್ಕು ಟೇಬಲ್. ಇಡ್ಲಿ ಸ್ಟ್ಯಾಂಡ್ ಮುಚ್ಚಳ ತೆಗೆದ್ರೆ ಆ ಮನುಷ್ಯನ ಮುಖಾನೇ ಹಬೆಲಿ ಕಾಣಲ್ಲ, ಬರೀ ಕೈ ಹೊರಗೆ ಬರತ್ತೆ, ಕೈಯಲ್ಲಿ ತಟ್ಟೆ. ತಟ್ಟೆ ಇಡ್ಲಿ ಬೆಂಗಳೂರಲ್ಲಿ ಎಲ್ಲಾ ಕಡೆ ಸಿಗತ್ತೆ ಅಂತೀರೇನೋ, ಸಿಗತ್ತೆ, ತಣ್ಣಗಾದ್ಮೇಲೆ ರಬ್ಬರ್ ಥರ ಎಳೆಯೋದು. ಇದು ಅಂಗೈಗಿಂತ ದೊಡ್ಡದು, ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗಿ ವಾಪಸ್ ಬರ್ತಿತ್ತು, ಮೇಲೆ ಒಂದು ಉಂಡೆ ಬೆಣ್ಣೆ ಇಟ್ರು, ಅದು ಕರಗಿ ಚಟ್ನಿ ಕಡೆ ಹರಿಯೋದನ್ನ ನೋಡ್ತಾ ಇರೋವಾಗ್ಲೇ ನಮ್ಮೋರ ಮೊದಲನೇ ಪ್ಲೇಟ್ ಖಾಲಿ. ಚಟ್ನಿ ಖಾರ, ಹುರಿಗಡಲೆ ಸುರಿದು ಗಟ್ಟಿ ಮಾಡಿರಲಿಲ್ಲ, ಮೂರು ಸಲ ಹಾಕಿಸ್ಕೊಂಡ್ರೂ ಮುಖ ಗಂಟು ಹಾಕ್ಲಿಲ್ಲ. ಇಬ್ರೂ ಹೊಟ್ಟೆ ಬಿರಿಯ ತಿಂದು ಎರಡು ಕಾಫಿ, 180 ರೂಪಾಯಿ. ಆ ಯಜಮಾನ್ರು ಕಾಫಿ ಕೊಡ್ತಾ "ಮುಂಚೆ ಭಾನುವಾರ ಇಲ್ಲಿ ನಿಲ್ಲೋಕೆ ಜಾಗ ಇರ್ತಿರ್ಲಿಲ್ಲಮ್ಮ, ಬೈಪಾಸ್ ಆದ್ಮೇಲೆ ಕಾರ್‌ಗಳೆಲ್ಲ ಮೇಲ್ಗಡೆಯಿಂದಲೇ ಹೊರಟೋಗ್ತವೆ, ಈಗ ನಿಮ್ಮಂಥ ಬೈಕ್‌ನೋರೇ" ಅಂದ್ರು. ಚನ್ನಪಟ್ಟಣದ ಬೊಂಬೆ ಅಂಗಡಿಲೂ ಅದೇ ಮಾತು ಕೇಳಿದ್ವಿ. ನೀವು ಕಾರಲ್ಲಿ ಹೋಗ್ತಿದ್ರೂ ಬಿಡದಿಗೆ ಒಂದ್ಸಲ ಇಳೀರಿ.

ಸಂಗೀತಕ್ಕೆ ಟಿಕೆಟ್ ಇಲ್ಲ. ಮುಂದಿನ ಕುರ್ಚಿಗಳು ಪಾಸ್ ಇರೋರಿಗೆ, ಹಿಂದೆ ಯಾರು ಬೇಕಾದ್ರೂ ಕೂರಬಹುದು. ಬೈಕನ್ನ ಲಾಡ್ಜಲ್ಲೇ ಬಿಟ್ಟು ನಡೀರಿ, ಸಂಜೆ ಅರಮನೆ ಸುತ್ತ ಒನ್‌ವೇ ಮಾಡಿರ್ತಾರೆ, ಸುತ್ತಿ ಸುತ್ತಿ ಪೆಟ್ರೋಲ್ ಸುಡೋದಷ್ಟೇ. ನಾವು ಐದೂವರೆಗೇ ಹೋಗಿ ಅಂಚಿನಲ್ಲಿ ಎರಡು ಕುರ್ಚಿ ಹಿಡಿದ್ವಿ, ನನಗೆ ಯಾವಾಗ್ಲೂ ಅಂಚೇ ಬೇಕು, ಎದ್ದು ಹೋಗೋಕೆ ದಾರಿ ಇರ್ಬೇಕು. ಪಕ್ಕದಲ್ಲಿ ಮೈಸೂರಿನ ಅಜ್ಜಿ ಒಬ್ರು, ಮಡಚಿದ ಟವೆಲ್ ಹಾಸ್ಕೊಂಡು ಕೂತಿದ್ರು, ಕೈಯಲ್ಲಿ ಚುರುಮುರಿ ಪೊಟ್ಣ. "ಪ್ರತಿ ವರ್ಷ ಬರ್ತೀನಿ, ಪಾಸ್ ಕೇಳೋಕೆ ಯಾರ ಹತ್ರಾನೂ ಹೋಗಲ್ಲ" ಅಂದ್ರು. ಹಿಂದೂಸ್ತಾನಿ ಗಾಯನ ಇತ್ತು. ರಾಗ ಗೀಗ ನನಗೆ ಗೊತ್ತಾಗಲ್ಲ, ಅಜ್ಜಿ ತೊಡೆ ಮೇಲೆ ತಾಳ ಹಾಕ್ತಾ "ಯಮನ್ ಕಣಮ್ಮ" ಅಂತ ಪಿಸುಗುಟ್ಟಿದ್ರು. 7 ಗಂಟೆಗೆ ಅರಮನೆಯ ಹತ್ರ ಹತ್ರ 1 ಲಕ್ಷ ಬಲ್ಬು ಒಟ್ಟಿಗೆ ಹತ್ಕೊಂಡ್ವು, ಜನ ಎಲ್ಲಾ "ಓ" ಅಂದ್ರು, ವೇದಿಕೆ ಮೇಲಿರೋರಿಗೆ ಅರಮನೆ ಬೆನ್ನ ಹಿಂದೆ ಅಲ್ವಾ, ತಬಲಾದೋರು ಒಂದು ಕ್ಷಣ ಕತ್ತು ತಿರುಗಿಸಿ ಹಿಂದೆ ನೋಡೇಬಿಟ್ರು, ಆದ್ರೆ ಕೈ ಮಾತ್ರ ತಪ್ಪಲಿಲ್ಲ. ಆಮೇಲೆ ಅರ್ಧ ಗಂಟೆ ಅರಮನೆ ಫೋಟೋ ತೆಗೆಯೋರ ಕಾಟ, ಅಡ್ಡ ಬಂದು ನಿಲ್ಲೋರು, ಹೂಂ ಅಂದ್ರೆ ಸೆಲ್ಫಿ. ಎಂಟರ ಮೇಲೆ ಅವ್ರೆಲ್ಲ ಕಳಚ್ಕೊಂಡ್ರು, ನಿಜವಾದ ಕಛೇರಿ ಆಗ ಶುರುವಾಯ್ತು ಅನ್ನಿ. 8ಕ್ಕೇ ಎದ್ದು ಊಟಕ್ಕೆ ಓಡ್ಬೇಡಿ, ಹೊಟ್ಟೆಗೆ ಏನಾದ್ರೂ ಮುಂಚೇನೇ ಹಾಕ್ಕೊಂಡು ಬನ್ನಿ.

ವಾಪಸ್ ಬರೋವಾಗ ಹಳೇ ರೋಡ್ ಬೇಡ. ಮೈಸೂರಿಂದ ಬನ್ನೂರು, ಸೋಮನಾಥಪುರ, ಮಳವಳ್ಳಿ, ಹಲಗೂರು, ಕನಕಪುರ ಹಿಡಿರಿ. ಗದ್ದೆ, ಕಬ್ಬು, ಬೈಕ್ ಹೋಗ್ಬಾರ್ದು ಅನ್ನೋ ಬೋರ್ಡ್ ಒಂದೂ ಇಲ್ಲ. ಸೋಮನಾಥಪುರದ ಕೇಶವ ದೇವಸ್ಥಾನ 13ನೇ ಶತಮಾನದ್ದು, ಬೇಲೂರು ಹಳೇಬೀಡು ಜೊತೆ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ, ಆದ್ರೂ ಬೇಲೂರಿನಷ್ಟು ನೂಕುನುಗ್ಗಲು ನಮಗೆ ಸಿಗಲಿಲ್ಲ. ನಾವು 11ಕ್ಕೆ ಹೋಗಿ ತಪ್ಪು ಮಾಡಿದ್ವಿ, ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕಾಲಿಟ್ರೆ ಕಾವಲಿ. ಬ್ಯಾಗಲ್ಲಿ ಒಂದು ಜೊತೆ ಸಾಕ್ಸ್ ಇಟ್ಕೊಳ್ಳಿ. ಬನ್ನೂರಲ್ಲಿ ಕುರಿ ಊಟ ಮಾಡ್ಬೇಕು ಅಂತ ನಮ್ಮೋರ ಆಸೆ, ನವರಾತ್ರಿ ಅಂತ ನಾನು ಬಿಡಲಿಲ್ಲ, ಇನ್ನೂ ಅದನ್ನ ಎತ್ತಿ ಆಡ್ತಾರೆ. ಭಾನುವಾರ ಸಂಜೆ 4ರೊಳಗೆ ಕನಕಪುರ ದಾಟಿ. ನಾವು ಆರಕ್ಕೆ ದಾಟಿ ತಲಘಟ್ಟಪುರದಿಂದ ಮನೆ ತನಕ ಒಂದೂವರೆ ಗಂಟೆ ಕ್ಲಚ್ ಹಿಡ್ಕೊಂಡೇ ಬಂದ್ವಿ.