ಕಾಮಾಲೆ ರಜೆ

ನನ್ನ ಸೇವಾ ಪುಸ್ತಕದಲ್ಲಿ 1991ರ ಡಿಸೆಂಬರ್ 14ರಿಂದ 23 ದಿನ ಕಾಮಾಲೆ ಅಂತ ಬರೆದಿದೆ. ನನಗೆ ಈವರೆಗೆ ಕಾಮಾಲೆ ಬಂದಿಲ್ಲ.

ನಮ್ಮ ಮನೆಮಾತು ತಮಿಳು. ಊರು ಕೊಳ್ಳೇಗಾಲದ ಕಡೆ. 1956ರವರೆಗೆ ಅದು ಕೊಯಮತ್ತೂರು ಜಿಲ್ಲೆ. ತಾತ ತಮಿಳಿನಲ್ಲಿ ಲೆಕ್ಕ ಬರೆಯುತ್ತಿದ್ದರು, ನಾನು ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಕನ್ನಡ ಕಾಗುಣಿತ ಹೇಳಿಕೊಡುತ್ತಿದ್ದೆ. ಏಳು ವರ್ಷ ಅದನ್ನು ಯಾರೂ ಕೆದಕಿರಲಿಲ್ಲ.

1991ರ ಜೂನಿನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಿ ಎಂದಿತು. ಅದನ್ನು ತಡೆಯಲು ಮುಖ್ಯಮಂತ್ರಿ ಬಂಗಾರಪ್ಪನವರು ತಂದ ಸುಗ್ರೀವಾಜ್ಞೆ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಕೇಂದ್ರ ಸರ್ಕಾರ ಆ ಆದೇಶವನ್ನು ಗೆಜೆಟ್ಟಿನಲ್ಲಿ ಹಾಕಿದ್ದೇ ತಡ, ಡಿಸೆಂಬರ್ 12ಕ್ಕೆ ಬೆಂಗಳೂರು ಹೊತ್ತಿಕೊಂಡಿತು. 13 ಬಂದ್. ಸಂಜೆ ಕಬ್ಬು ಕಡಿಯುವ ತಮಿಳರ ಗುಡಿಸಲುಗಳ ಕಡೆ ಹೊಗೆ ಎದ್ದಾಗ ತರಗು ಸುಡುತ್ತಿದ್ದಾರೆ ಅಂದುಕೊಂಡೆ.

ರಾತ್ರಿ ಹೆಡ್‌ಮಾಸ್ಟರು ಹಿತ್ತಿಲ ಬಾಗಿಲಿಗೆ ಬಂದರು. "ಮೇಷ್ಟ್ರೇ, ಊರೋರು ಏನೂ ಮಾಡಕಿಲ್ಲ. ಹೊರಗಿಂದ ಬರೋರ್ಗೆ ನಾನೇನ್ ಹೇಳ್ಲಿ? ಮಗೀನ ಕರ್ಕೊಂಡು ಹೊಂಟೋಗಿ." ಬೆಲ್ಲದ ಲಾರಿಯೊಂದನ್ನೂ ಅವರೇ ಗೊತ್ತುಮಾಡಿದ್ದರು. ಹೆಂಡತಿ ಒಲೆಯ ಮೇಲಿದ್ದ ಸಾರು ಇಳಿಸಿ, ತಟ್ಟೆ ಮುಚ್ಚಿ ಹೊರಟಳು, ಬೆಳಿಗ್ಗೆ ಬಂದು ಉಣ್ಣುವವಳ ಹಾಗೆ.

ಲಾರಿಯಲ್ಲಿ ನಾಲ್ಕು ವರ್ಷದ ಮಗಳು "ಅಮ್ಮಾ, ತಣ್ಣಿ" ಅಂದಳು. ಬಾಯಿ ಮುಚ್ಚಿದೆ. ಮಾದೇಶ್ವರನ ಬೆಟ್ಟ, ಪಾಲಾರು ದಾಟಿ ಮೆಟ್ಟೂರಿನ ನೆಂಟರ ಮನೆ ಸೇರಿದೆವು. ಅಲ್ಲೂ ಜನ ಕುದಿಯುತ್ತಿದ್ದರು. ಬಜಾರಿನಲ್ಲಿ ಮಗಳು "ಅಪ್ಪಾ, ಕಡ್ಲೆಮಿಠಾಯಿ ಕೊಡ್ಸು" ಎಂದು ಅಚ್ಚ ಮಂಡ್ಯದ ದನಿಯಲ್ಲಿ ಕೂಗಿದಳು. ಮತ್ತೆ ಬಾಯಿ ಮುಚ್ಚಿದೆ. ಆಮೇಲೆ ಎರಡು ದಿನ ಅವಳು ಯಾವ ಭಾಷೆಯಲ್ಲೂ ಮಾತಾಡಲಿಲ್ಲ.

ಜನವರಿ 6ಕ್ಕೆ ಮರಳಿದೆ. ಮನೆಯ ಬೀಗ ಹಾಗೇ ಇತ್ತು, ಸಾರಿಗೆ ಬೂಷ್ಟು ಹಿಡಿದಿತ್ತು. ತಕರಾರು ಬಂದದ್ದು ರಜೆಯದು. ಸಾಂದರ್ಭಿಕ ರಜೆ ಮುಗಿದಿತ್ತು. ಹೆದರಿ ಓಡಿಹೋದದ್ದಕ್ಕೆ ನಿಯಮದಲ್ಲಿ ರಜೆಯಿಲ್ಲ. ಪರಿಚಯದ ಡಾಕ್ಟರು ಸರ್ಟಿಫಿಕೇಟು ಬರೆದುಕೊಟ್ಟರು.

ಗುಡಿಸಲುಗಳಿಂದ ಒಂಬತ್ತು ಮಕ್ಕಳು ಬರುತ್ತಿದ್ದರು. ಮೂವರು ವಾಪಸಾದರು. ಹಾಜರಿ ಪುಸ್ತಕದಲ್ಲಿ ಉಳಿದವರ ಹೆಸರಿನ ಎದುರು ತಿಂಗಳುಗಟ್ಟಲೆ ಗೈರು ಅಂತ 'ಗೈ' ಬರೆದು, ಕೊನೆಗೆ ಕೆಂಪು ಶಾಯಿಯಲ್ಲಿ ಹೆಸರು ಹೊಡೆದೆ. ಅವರಲ್ಲೊಬ್ಬಳ ಬಾಯಿಗೆ ಮಹಾಪ್ರಾಣ ಹತ್ತುತ್ತಿರಲಿಲ್ಲ. ಆರು ತಿಂಗಳು ಹೆಣಗಿ 'ಭರಣಿ' ಅನ್ನಿಸಿದ್ದೆ. ಟಿ.ಸಿ. ಕೇಳಿಕೊಂಡು ಯಾರೂ ಬರಲಿಲ್ಲ.

ನಿವೃತ್ತಿಯ ಕಾಗದಪತ್ರ ನೋಡುತ್ತಿದ್ದ ಹುಡುಗ, "ಲಿವರ್ರು ಈಗ ಪರವಾಗಿಲ್ವಾ ಸರ್?" ಅಂದ.

"ಪಥ್ಯದಲ್ಲಿದ್ದೀನಪ್ಪ" ಅಂದೆ.