ಹಾಸ್ಟೆಲಿಗೆ ಬಿಟ್ಟು ಹೋದರೆ ಮಗಳು ಸೇಫಾ, ಮೇಡಂ?

ಅಡ್ಮಿಷನ್ ಶುರುವಾಯಿತೆಂದರೆ ಕಲಬುರಗಿ, ವಿಜಯಪುರ ಕಡೆಯಿಂದ ಬಂದ ತಂದೆ-ತಾಯಿ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮಂಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತ ಹಾಸ್ಟೆಲನ್ನೂ ನೋಡಿಕೊಳ್ಳುವ ನನಗೆ, ಬರೀ "ಹೌದು" ಎಂದು ಕಳಿಸಿಬಿಡಲು ಮನಸ್ಸು ಒಪ್ಪುವುದಿಲ್ಲ.

ಗೇಟು, ಸಿಸಿಟಿವಿ, ವಾಚ್‌ಮನ್ ಎಲ್ಲ ನೋಡಿಕೊಳ್ಳಿ, ಅವು ಬೇಕು. ಜೊತೆಗೆ ಇದನ್ನೂ ವಿಚಾರಿಸಿ: ಮಗಳಿಗೆ ಕಷ್ಟ ಬಂದರೆ ಇಲ್ಲಿ ಯಾರ ಹತ್ತಿರ ಹೇಳಿಕೊಳ್ಳುತ್ತಾಳೆ? ಹೇಳಿಕೊಂಡ ಮೇಲೆ ಬೈಸಿಕೊಳ್ಳುವವಳು ಅವಳೇ ಆಗುತ್ತಾಳಾ?

ನಮ್ಮ ಕಡೆಯ ಜುಲೈ ತಿಂಗಳು ಬಯಲುಸೀಮೆಯ ಮಕ್ಕಳಿಗೆ ದೊಡ್ಡ ಪರೀಕ್ಷೆ. ವಾರಗಟ್ಟಲೆ ಬಿಸಿಲಿಲ್ಲ. ಕಾರಿಡಾರಿನ ಹಗ್ಗದ ಮೇಲಿನ ಚೂಡಿದಾರ್ ಮೂರು ದಿನವಾದರೂ ಒದ್ದೆ, ಬ್ಯಾಗಿನ ಮೇಲೆ ಬೂಸ್ಟು. ಸುತ್ತ ತುಳು, ಬ್ಯಾರಿ, ಮಲಯಾಳಂ. ಜೋಳದ ರೊಟ್ಟಿ ತಿಂದು ಬೆಳೆದವಳ ತಟ್ಟೆಗೆ ಕುಚ್ಚಲಕ್ಕಿ ಅನ್ನ ಬೀಳುತ್ತದೆ, ಅರ್ಧ ಬಿಟ್ಟು ಏಳುತ್ತಾಳೆ. ಇದು ಮೊದಲು ಕಣ್ಣಿಗೆ ಬೀಳುವುದು ಲೆಕ್ಚರರಿಗಲ್ಲ, ಮೆಸ್ಸಿನ ಅಕ್ಕನಿಗೆ. "ಮೇಡಂ, ಆ ಮೂಲೆಯಲ್ಲಿ ಕೂರುವ ಹುಡುಗಿ ರಾತ್ರಿ ಊಟಕ್ಕೆ ಬರ್ತಾ ಇಲ್ಲ" ಎಂದು ಅವರು ಹೇಳಿದರೆ ನಾನು ಅವತ್ತೇ ಆ ರೂಮಿಗೆ ಹೋಗುತ್ತೇನೆ. ಅಡುಗೆಯವರು, ಗುಡಿಸುವವರು, ರೂಮ್‌ಮೇಟ್ ಇವರ ಮಾತಿಗೆ ಬೆಲೆ ಕೊಡದ ಕ್ಯಾಂಪಸ್ಸಿನಲ್ಲಿ ಮಕ್ಕಳ ಸಂಕಟ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ.

ಇನ್ನೊಂದು ವಿಷಯ ನನಗೆ ಸಿಟ್ಟೇ ತರಿಸುತ್ತದೆ. ಬಸ್ಸಿನಲ್ಲಿ ಯಾರೋ ಕಾಡಿದ ಎಂದು ಹುಡುಗಿ ಬಂದು ಹೇಳಿದರೆ, "ಇನ್ನು ಆರು ಗಂಟೆಯೊಳಗೆ ಹಾಸ್ಟೆಲಲ್ಲಿರು" ಎಂದು ಅವಳಿಗೇ ಕಟ್ಟುಪಾಡು ಹಾಕುವವರಿದ್ದಾರೆ. ಮುಂದಿನ ಸಲ ಅವಳು ಬಾಯಿಬಿಡುವುದಿಲ್ಲ. ಅವಳನ್ನು ನೋಡಿ ಉಳಿದವರೂ ಬಾಯಿಬಿಡುವುದಿಲ್ಲ.

ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಮ್ಮಲ್ಲಿ ಅವರು ಯಾರು, ಯಾವ ಹೊತ್ತಿಗೆ ಸಿಗುತ್ತಾರೆ, ಅಲ್ಲಿ ಆಡಿದ ಮಾತು ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ಕಿವಿಗೆ ಹೋಗುತ್ತದಾ ಎಂದು ನೇರವಾಗಿ ಕೇಳಿ. ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ದೂರು ಸಮಿತಿ ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕೆಂಬುದು ಮಗಳಿಗೂ ಗೊತ್ತಿರಲಿ. ರ‍್ಯಾಗಿಂಗ್ ಆದರೆ ಯುಜಿಸಿ ಸಹಾಯವಾಣಿ 1800-180-5522.

ನಿಮ್ಮಿಂದ ಆಗಬೇಕಾದದ್ದೂ ಇದೆ. ಫೋನು ಮಾಡಿದ ಕೂಡಲೇ ಇಂಟರ್ನಲ್ಸ್ ಮಾರ್ಕ್ಸ್ ಕೇಳಬೇಡಿ, ಯಾರ ಜೊತೆ ಊಟ ಮಾಡಿದೆ ಎಂದು ಕೇಳಿ. "ಇಲ್ಲಿ ಆಗ್ತಿಲ್ಲಮ್ಮ" ಎಂದರೆ "ಫೀಸು ಕಟ್ಟಿದ್ದೀವಿ, ಹೊಂದ್ಕೊಂಡು ಹೋಗು" ಅನ್ನಬೇಡಿ, ಪೂರ್ತಿ ಕೇಳಿಸಿಕೊಳ್ಳಿ. ಬದುಕೇ ಬೇಡ ಎಂಬ ಮಾತು ಬಂದರಂತೂ ಹೆದರಿಸುತ್ತಾಳೆ ಎಂದು ತಳ್ಳಿಹಾಕಬೇಡಿ. ಅವಳ ಫೋನು ಇಡುವ ಮೊದಲೇ ಮನೆಯ ಇನ್ನೊಂದು ಫೋನಿನಿಂದ ನನಗೆ ತಿಳಿಸಿ, ಎಷ್ಟು ಹೊತ್ತಾಗಿದ್ದರೂ ಸರಿ. ಅವಳನ್ನು ಒಬ್ಬಳೇ ಇರಲು ಬಿಡುವುದಿಲ್ಲ, ನಾವು ಹೋಗಿ ಜೊತೆಗೆ ಕೂರುತ್ತೇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು-ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರು ಅವಳ ಫೋನಿನಲ್ಲೂ ಇರಲಿ, ನಿಮ್ಮ ಫೋನಿನಲ್ಲೂ ಇರಲಿ.