ಒಂದು ಕೂದಲಿನ ದಪ್ಪ

ಹೋದ ಶನಿವಾರ ಇಲ್ಲಿ ಅಮೆರಿಕದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಗರಾಜ್ ಸೇಲ್ ಇಟ್ಟಿದ್ದರು. ಹಳೆ ಕುರ್ಚಿ, ಕ್ರಿಸ್‌ಮಸ್ ದೀಪದ ಸರ, ಮೀನು ಹಿಡಿಯುವ ಗಾಳ, ಇವುಗಳ ಹಿಂದೆ ಕಂದು ಬಣ್ಣದ ಒಂದು ತಗಡಿನ ಪೆಟ್ಟಿಗೆ. ಅದರ ತುಂಬಾ ಸಣ್ಣ ಸಣ್ಣ ಡ್ರಾಯರ್‌ಗಳು. ಒಂದನ್ನು ಎಳೆದೆ. ಹಸಿರು ಬಟ್ಟೆಯ ಮೇಲೆ ಮೈಕ್ರೋಮೀಟರ್, ಕೂದಲಿನಷ್ಟು ಸಣ್ಣ ದಪ್ಪವನ್ನೂ ಅಳೆಯುವ ಉಪಕರಣ, ಮಲಗಿತ್ತು.

ನಾನು ಅದನ್ನು ಕೈಗೆ ತೆಗೆದುಕೊಂಡ ರೀತಿ ನೋಡಿಯೇ ಅಜ್ಜನಿಗೆ ಅನುಮಾನ ಬಂತು. "ನೀನು ಕಂಪ್ಯೂಟರ್ ಮನುಷ್ಯ. ಇದನ್ನು ಹೀಗೆ ಹಿಡಿಯೋದು ಯಾರು ಹೇಳಿಕೊಟ್ಟರು?"

"ನಮ್ಮಪ್ಪ ಬೆಂಗಳೂರಲ್ಲಿ ಟರ್ನರ್ ಆಗಿದ್ದರು" ಅಂದೆ.

ಹನ್ನೊಂದು ವರ್ಷದಿಂದ ನಾವು ಅಕ್ಕಪಕ್ಕದಲ್ಲಿದ್ದೇವೆ. ಒಬ್ಬರ ಮನೆ ಮುಂದಿನ ಹಿಮವನ್ನು ಇನ್ನೊಬ್ಬರು ಎತ್ತಿದ್ದೇವೆ. ಈ ಮಾತು ಮಾತ್ರ ಒಂದು ಸಲವೂ ಬಂದಿರಲಿಲ್ಲ. ಅಜ್ಜ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಓಹೋ, ಹಾಗಾದ್ರೆ ನನ್ನ ಕೆಲಸ ತಗೊಂಡು ಹೋಗಿದ್ದು ನಿಮ್ಮಪ್ಪಾನಾ!" ಅಂತ ಜೋರಾಗಿ ನಕ್ಕರು. ನಾನೂ ನಕ್ಕೆ. ತಮಾಷೆಗೆ ಹೇಳಿದ್ದು ಅಂತ ಗೊತ್ತು. ಆದರೂ ಮನೆಗೆ ಬಂದ ಮೇಲೆ ಎಲ್ಲೋ ಚುಚ್ಚುತ್ತಲೇ ಇತ್ತು.

ನಮ್ಮಪ್ಪ ಯಾರ ಕೆಲಸವನ್ನೂ ತಗೊಂಡವರಲ್ಲ. ಪೀಣ್ಯದ ಒಂದು ಶೀಟ್ ಶೆಡ್‌ನಲ್ಲಿ ಇಪ್ಪತ್ತಾರು ವರ್ಷ, ಕಬ್ಬಿಣವನ್ನು ತಿರುಗಿಸಿ ಕೊರೆಯುವ ಲೇತ್ ಮುಂದೆ ನಿಂತವರು. ಅವರು ತಿರುಗಿಸಿದ ಜಾಬ್‌ಗಳು, ಅಂದರೆ ಬಿಡಿಭಾಗಗಳು, ಹೆಚ್ಚೆಂದರೆ ಹೊಸೂರಿನವರೆಗೆ ಹೋಗಿರಬಹುದು. ಅಮೆರಿಕದವರ ಕುರ್ಚಿಯಲ್ಲಿ ಬಂದು ಕೂತವನು ನಾನು. 2006ರಲ್ಲಿ ಮೊದಲ ಸಲ ಇಲ್ಲಿಗೆ ಬಂದಾಗ ನನಗೆ ಕೆಟಿ, ಅಂದರೆ ಕೆಲಸದ ಪಾಠ, ಕೊಡಲು ಒಬ್ಬರನ್ನು ಪಕ್ಕದಲ್ಲಿ ಕೂರಿಸಿದ್ದರು. ಐವತ್ತು ದಾಟಿದ ಮನುಷ್ಯ. ಆರು ವಾರ ತನ್ನ ಕೆಲಸವನ್ನೆಲ್ಲ ನನಗೆ ಹೇಳಿಕೊಟ್ಟರು. ಕೊನೆಯ ಶುಕ್ರವಾರ ಒಂದು ರಟ್ಟಿನ ಡಬ್ಬದಲ್ಲಿ ಮಗ್ಗು, ಮಕ್ಕಳ ಫೋಟೋ ಹಾಕಿಕೊಂಡು, ನನ್ನ ಕೈ ಕುಲುಕಿ ಹೊರಟರು. ಅಜ್ಜನಿಗೆ ನಾನು ಇದನ್ನು ಹೇಳಿಲ್ಲ. ಹೇಳುವ ಧೈರ್ಯವೂ ಇಲ್ಲ ಅನ್ನಿ.

ನಾವಿರುವುದು ಓಹಾಯೋ ರಾಜ್ಯದ ಡೇಟನ್. ವಿಮಾನ ಹುಟ್ಟಿದ ಊರು ಅಂತ ಇಲ್ಲಿ ಕಾರಿನ ನಂಬರ್ ಪ್ಲೇಟಿಗೂ ಹೆಮ್ಮೆ. ರೈಟ್ ಸಹೋದರರು ಇಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು, ಗೊತ್ತಲ್ಲ. ಆದರೆ ನಮ್ಮ ಅಜ್ಜ ಅವರ ಹೆಸರು ಎತ್ತುವುದಿಲ್ಲ, ಚಾರ್ಲಿ ಟೇಲರ್ ಹೆಸರು ಎತ್ತುತ್ತಾರೆ. ಅದೇ ಅಂಗಡಿಯ ಮೆಕ್ಯಾನಿಕ್. 1903ರಲ್ಲಿ ಹಾರಿದ ವಿಮಾನದ ಎಂಜಿನ್ನನ್ನು ಒಂದು ಲೇತ್, ಒಂದು ಡ್ರಿಲ್ ಮಷೀನ್ ಇಟ್ಟುಕೊಂಡು ಆರು ವಾರದಲ್ಲಿ ಮಾಡಿಕೊಟ್ಟವನು. "ಅಣ್ಣ ತಮ್ಮ ಇಬ್ಬರ ಹೆಸರೂ ಸ್ಕೂಲ್ ಪುಸ್ತಕದಲ್ಲಿದೆ. ಇವನದು ನಮ್ಮಂಥವರ ಬಾಯಲ್ಲಿ ಮಾತ್ರ" ಅನ್ನುತ್ತಾರೆ.

ಅಜ್ಜ ಡೈ ಮೇಕರ್. ಕಾರಿನ ತಗಡನ್ನು ಒತ್ತಿ ಆಕಾರ ಕೊಡುವ ಉಕ್ಕಿನ ಅಚ್ಚು ಮಾಡುವ ಕೆಲಸ. ಮೂವತ್ತು ಜನರ ಸಣ್ಣ ಕಾರ್ಖಾನೆ. ಡೇಟನ್ ಸುತ್ತ ಅಂಥವು ನೂರಾರು ಇದ್ದವಂತೆ, ಎಲ್ಲವೂ ದೊಡ್ಡ ಕಂಪನಿಗಳನ್ನು ನಂಬಿಕೊಂಡವು. ಊರಿನ ದಕ್ಷಿಣಕ್ಕೆ ಮೊರೇನ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ 2008ರ ಡಿಸೆಂಬರ್ 23ರಂದು ಕೊನೆಯ ಗಾಡಿ ಹೊರಗೆ ಬಿಟ್ಟು ಬಾಗಿಲು ಹಾಕಿತು. ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು. ಮರುವರ್ಷ ಎನ್‌ಸಿಆರ್, ಅಂದರೆ ನೂರಿಪ್ಪತ್ತೈದು ವರ್ಷ ಇದೇ ಊರಲ್ಲಿದ್ದ ಕ್ಯಾಷ್ ರಿಜಿಸ್ಟರ್ ಕಂಪನಿ, ಜಾರ್ಜಿಯಾಕ್ಕೆ ಹೊರಟಿತು. ಪೀಣ್ಯ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಕಂಪನಿ ಸೀನಿದರೆ ಸಣ್ಣ ಶೆಡ್‌ಗೆ ನ್ಯುಮೋನಿಯಾ. ಅಜ್ಜನ ಕಾರ್ಖಾನೆಯೂ ನಿಂತುಹೋಯಿತು. ಆಗ ಅವರಿಗೆ ಐವತ್ತನಾಲ್ಕು ವರ್ಷ. ಆಮೇಲೆ ಸ್ಕೂಲ್ ಬಸ್ ಓಡಿಸಿ ಪೆನ್ಷನ್ ವಯಸ್ಸು ಮುಟ್ಟಿದರು.

1979ರಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಸುಮಾರು 1 ಕೋಟಿ 95 ಲಕ್ಷ ಜನ ಕೆಲಸ ಮಾಡುತ್ತಿದ್ದರು. 2010ರ ಶುರುವಿಗೆ ಅದು 1 ಕೋಟಿ 15 ಲಕ್ಷದ ಆಸುಪಾಸಿಗೆ ಇಳಿಯಿತು. ಒಂದಷ್ಟು ಮಷೀನ್ ನುಂಗಿತು. ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ 1994ರ ನಾಫ್ಟಾ ವ್ಯಾಪಾರ ಒಪ್ಪಂದದ ಮೇಲೆ ಒಂದಷ್ಟು ಮೆಕ್ಸಿಕೋಗೆ ಹೋಯಿತು. 2001ರ ಕೊನೆಗೆ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ ಮೇಲೆ ಇನ್ನಷ್ಟು. ಹೊರದೇಶದ ಅಗ್ಗದ ಕೂಲಿ ಅನ್ನುವ ಮಾತು ಇಲ್ಲಿ ಚುನಾವಣೆ ಬಂದಾಗಲೆಲ್ಲ ಕೇಳಿಸುತ್ತದೆ. ಅಜ್ಜನಿಗೂ ಆ ಸಿಟ್ಟಿದೆ. ಆದರೆ ಅವರ ಲೆಕ್ಕ ಅಷ್ಟಕ್ಕೇ ನಿಲ್ಲುವುದಿಲ್ಲ. ಮೊರೇನ್‌ನ ಅದೇ ಕಟ್ಟಡವನ್ನು 2014ರಲ್ಲಿ ಫುಯಾವೋ ಅನ್ನುವ ಚೀನಾ ಕಂಪನಿ ಕೊಂಡು ಕಾರಿನ ಗಾಜು ಮಾಡಲು ಶುರು ಮಾಡಿತು. "ಮೊದಲು ಕೆಲಸ ಅಗ್ಗದ ಜನರನ್ನು ಹುಡುಕಿಕೊಂಡು ಚೀನಾಕ್ಕೆ ಹೋಯಿತು. ಆಮೇಲೆ ಚೀನಾದವರೇ ಇಲ್ಲಿಗೆ ಬಂದರು. ಅಷ್ಟರಲ್ಲಿ ನಾವೇ ಅಗ್ಗ ಆಗಿದ್ವಿ ನೋಡು" ಅಂತ ಒಂದು ಸಲ ಹೇಳಿದ್ದರು.

ಪೆಟ್ಟಿಗೆಗೆ ಎಷ್ಟು ಅಂತ ಕೇಳಿದೆ. ಅದು ಮಾರಾಟಕ್ಕಲ್ಲವಂತೆ. ಮೊಮ್ಮಗನಿಗೆ ಕೊಡಲು ಒರೆಸುತ್ತಿದ್ದರು. ಹುಡುಗ ಹೈಸ್ಕೂಲ್ ಮುಗಿಸಿ ಅಚ್ಚು, ಉಪಕರಣ ಮಾಡುವ ಒಂದು ಟೂಲ್ ರೂಮಿನಲ್ಲಿ ಅಪ್ರೆಂಟಿಸ್ ಆಗಿ ಸೇರಿದ್ದಾನೆ. ನಾಲ್ಕು ವರ್ಷ, 8000 ಗಂಟೆ ಕೆಲಸ, ಅದಕ್ಕೆ ಸಂಬಳ. ಜೊತೆಗೆ ವರ್ಷಕ್ಕೆ 144 ಗಂಟೆ ಪಾಠ, ಊರಿನ ಸಿಂಕ್ಲೇರ್ ಕಮ್ಯುನಿಟಿ ಕಾಲೇಜಿನಲ್ಲಿ. ಆ ಕಾಲೇಜು ಶುರುವಾಗಿದ್ದೇ 1887ರಲ್ಲಿ, ದುಡಿಯುವ ಹುಡುಗರಿಗೆ ಸಂಜೆ ಹೊತ್ತು ಲೆಕ್ಕ ಬರೆಯುವುದು ಮತ್ತು ಮಷೀನ್ ಡ್ರಾಯಿಂಗ್ ಕಲಿಸಲು. ಇವನು ಅಪ್ರೆಂಟಿಸ್ ಕಾಗದಕ್ಕೆ ಸಹಿ ಹಾಕುವ ದಿನ ಸ್ಕೂಲಿನಲ್ಲಿ ಸಮಾರಂಭವೇ ನಡೆಯಿತು. ಕಾಲೇಜು ತಂಡಕ್ಕೆ ಸಹಿ ಹಾಕುವ ಫುಟ್‌ಬಾಲ್ ಆಟಗಾರರ ಥರ ಟೇಬಲ್ ಮುಂದೆ ಕೂರಿಸಿ, ಕಂಪನಿಯ ಟೋಪಿ ಹಾಕಿ, ಫೋಟೋ ತೆಗೆದರು. ಅಜ್ಜನ ಹುಲ್ಲಿನ ಮೇಲೆ ಈಗಲೂ ಅದರದೊಂದು ಬೋರ್ಡ್ ನೆಟ್ಟಿದೆ.

ಇದರಲ್ಲಿ ಒಂದು ತಮಾಷೆಯೂ ಇದೆ. ಇದೇ ಅಜ್ಜ ತಮ್ಮ ಮಗನಿಗೆ, ಅಂದರೆ ಈ ಹುಡುಗನ ಅಪ್ಪನಿಗೆ, ಕಾರ್ಖಾನೆ ಕಡೆ ತಲೆ ಹಾಕಬೇಡ ಅಂದಿದ್ದರಂತೆ. ಸ್ಕೂಲುಗಳೂ ಹಾಗೇ ಅಂದವು. ಎಲ್ಲರೂ ಕಾಲೇಜಿಗೆ ಹೋಗಿ ಅಂತ ಹೇಳಿ ಎಷ್ಟೋ ಕಡೆ ಲೇತ್ ಇದ್ದ ಶಾಪ್ ಕ್ಲಾಸ್‌ಗಳನ್ನೇ ಮುಚ್ಚಿದರು. ಈಗ ನೋಡಿದರೆ ಕಾರ್ಖಾನೆ ತೆರೆಯುತ್ತೇವೆ ಅನ್ನುವವರಿಗೆ ಕೆಲಸ ಬಲ್ಲ ಕೈ ಸಿಗುತ್ತಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ನಾನೇ ಉತ್ಸಾಹದಿಂದ ಹೇಳಿದೆ. ಕೈಕೆಲಸಕ್ಕೆ ಈ ದೇಶದಲ್ಲಿ ಎಷ್ಟು ಗೌರವ ಇದೆ ನೋಡಿ ಅಂತ ಸಣ್ಣ ಭಾಷಣವೂ ಆಯಿತು. ಹದಿನಾರು ವರ್ಷದ ಮಗಳು ಸಾರನ್ನ ಕಲೆಸುತ್ತಾ ಕೇಳಿದಳು, "ಅಪ್ಪಾ, ನಾನೂ ಅದಕ್ಕೇ ಹೋಗ್ಲಾ?"

"ಸುಮ್ನೆ ಊಟ ಮಾಡು" ಅಂದೆ.

ಎಷ್ಟು ಬೇಗ ಅಂದೆ ಅಂದರೆ, ಹೆಂಡತಿ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. ಮಗಳು ಬಿಡಲಿಲ್ಲ. "ಯಾಕೆ? ತಾತ ಮಾಡ್ತಿದ್ದದ್ದೂ ಅದೇ ಕೆಲಸ ಅಲ್ವಾ?"

ಅದೇ ಕೆಲಸ. ಎಂಟನೇ ಕ್ಲಾಸಿನಲ್ಲಿ ಸ್ಕೂಲ್ ಫಾರಂನಲ್ಲಿ ತಂದೆಯ ಉದ್ಯೋಗ ಅನ್ನುವ ಜಾಗದಲ್ಲಿ ನಾನು 'ಎಂಜಿನಿಯರ್' ಅಂತ ಬರೆದಿದ್ದೆ. ಅಪ್ಪ ಅದನ್ನು ಓದಿ, ಏನೂ ಹೇಳದೆ ಕೆಳಗೆ ಸಹಿ ಹಾಕಿದರು. ಮುಂಗೈ ತುಂಬಾ ಬಿಸಿ ಕಬ್ಬಿಣದ ಚೂರು ಸಿಡಿದ ಕಪ್ಪು ಚುಕ್ಕೆಗಳು, ಪೆನ್ನು ಹಿಡಿದ ಬೆರಳಿನ ಸಂದಿಯಲ್ಲಿ ಎಣ್ಣೆ ಕಪ್ಪು. ಹೆಣ್ಣು ನೋಡಲು ಹೋದಾಗ ನಮ್ಮ ಸೋದರಮಾವ ಅಪ್ಪನ ಬಗ್ಗೆ "ಪ್ರೊಡಕ್ಷನ್ ಡಿಪಾರ್ಟ್‌ಮೆಂಟಲ್ಲಿದ್ರು" ಅಂದರು. ಆಗಲೂ ಅಪ್ಪ ಸುಮ್ಮನೆ ಕೂತಿದ್ದರು. ಆಯುಧಪೂಜೆ ದಿನ ಮಾತ್ರ ನನ್ನನ್ನು ಶೆಡ್‌ಗೆ ಕರೆದುಕೊಂಡು ಹೋಗುತ್ತಿದ್ದರು. ತೊಳೆದು ಕುಂಕುಮ ಹಚ್ಚಿದ ಲೇತ್, ಬಾಗಿಲಲ್ಲಿ ಒಡೆದ ಕುಂಬಳಕಾಯಿ, ಮನೆಗೆ ತರಲು ಕಡ್ಲೆಪುರಿ ಪೊಟ್ಟಣ. ಮಷೀನ್ ಮುಟ್ಟಲು ಹೋದರೆ "ನೀನು ಓದ್ಕೊ" ಅನ್ನುತ್ತಿದ್ದರು.

ನಮ್ಮಲ್ಲಿ ಐಟಿಐ ಅಂದರೆ ಎಸ್ಸೆಸ್ಸೆಲ್ಸಿಯಲ್ಲಿ ಕಡಿಮೆ ಮಾರ್ಕ್ಸ್ ತೆಗೆದವನು ಹೋಗುವ ಜಾಗ, ಅಲ್ವಾ? ನನ್ನ ಕ್ಲಾಸಿನಿಂದ ಮೂವರು ಹೋದರು. ಅವರನ್ನು ಟೇಬಲ್ ಮುಂದೆ ಕೂರಿಸಿ ಯಾರೂ ಟೋಪಿ ಹಾಕಲಿಲ್ಲ. ಹೋದ ಸಲ ಊರಿಗೆ ಬಂದಾಗ ಪೀಣ್ಯದ ಗೇಟುಗಳ ಮೇಲೆ 'ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ' ಅನ್ನುವ ಬೋರ್ಡು ಕಂಡೆ, ಅಂದರೆ ಕಂಪ್ಯೂಟರ್ ನಡೆಸುವ ಮಷೀನ್ ನೋಡಿಕೊಳ್ಳುವವರು. ಟೀ ಅಂಗಡಿಯಲ್ಲಿ ಒಬ್ಬರು, ಒಡಿಶಾ, ಬಿಹಾರದವರು ಕಡಿಮೆ ಸಂಬಳಕ್ಕೆ ಬಂದು ನಮ್ಮ ಹುಡುಗರ ಕೆಲಸ ಕಿತ್ತುಕೊಂಡರು ಅಂತ ಬಯ್ಯುತ್ತಿದ್ದರು. ಊರಿನ ಹೆಸರು ಬದಲಾಯಿಸಿದರೆ ಡೇಟನ್ ಮಾತೇ. ನಿಮ್ಮ ಮಗ ಏನು ಮಾಡ್ತಾನೆ ಅಂತ ಕೇಳಿದೆ. ಬಿ.ಇ. ಮುಗಿಸಿ ಕೆಲಸ ಹುಡುಕ್ತಿದ್ದಾನೆ ಅಂದರು.

ಭಾನುವಾರ ಬೆಳಿಗ್ಗೆ ಅಜ್ಜ ಬಾಗಿಲು ತಟ್ಟಿದರು. ಅವರ ಹತ್ತಿರ ಎರಡು ಮೈಕ್ರೋಮೀಟರ್ ಇತ್ತಂತೆ. ಒಂದನ್ನು ಮಗಳ ಕೈಗೆ ಕೊಟ್ಟು, "ನಿಮ್ಮ ತಾತನಿಗೆ ತೋರಿಸು" ಅಂದು ಹೋದರು. ದುಡ್ಡು ಅಂದಿದ್ದಕ್ಕೆ ಕೈ ಬೀಸಿದರು.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆವು. ಅಲ್ಲಿ ರಾತ್ರಿ, ಮಲಗಲು ಹೊರಟಿದ್ದರು. ಮಗಳು ಮೈಕ್ರೋಮೀಟರನ್ನು ಫೋನ್ ಮುಂದೆ ಹಿಡಿದಳು. ಅಪ್ಪ ಎದ್ದು ಕೂತು ಕನ್ನಡಕ ಹಾಕಿಕೊಂಡರು. ಮೊಮ್ಮಗಳು ಏನು ಓದಬೇಕು ಅನ್ನುವ ನಮ್ಮ ಜಗಳ ಹೇಳಲು ನಾನು ಬಾಯಿ ತೆರೆದೆ. ಅವರಿಗೆ ನನ್ನ ಮಾತು ಕೇಳಿಸಿದ ಹಾಗೆ ಕಾಣಲಿಲ್ಲ.

"ಪುಟ್ಟಿ, ಮೊದಲು ಝೀರೋ ನೋಡಿದ್ಯಾ?"

ನೋಡಿದಳು.

"ಈಗ ಒಂದು ಕೂದಲು ಕಿತ್ಕೊ. ಮಧ್ಯೆ ಇಡು. ಜೋರಾಗಿ ತಿರುಗಿಸ್ಬೇಡ, ಹಿಂದೆ ಚಿಕ್ಕ ತಿರುಗಣೆ ಇದೆ ನೋಡು, ಅದನ್ನ ಹಿಡಿ. ಟಿಕ್ ಟಿಕ್ ಅಂದ ತಕ್ಷಣ ಬಿಟ್ಬಿಡು."

ಟಿಕ್ ಟಿಕ್ ಅಂತು. ಮಗಳು ಗೆರೆ ಎಣಿಸಿದಳು. ಅಜ್ಜನ ಉಪಕರಣ, ಅದಕ್ಕೆ ಇಂಚಿನ ಲೆಕ್ಕ: ಇಂಚಿನ ಸಾವಿರದ ಒಂದು ಭಾಗ ಒಂದು ಥೌ. ಅಪ್ಪನದು ಮಿಲಿಮೀಟರಿನ ಸಾವಿರದ ಒಂದು ಭಾಗ, ಮೈಕ್ರಾನ್. "ಮೂರು ಥೌ ಬಂತು ತಾತ."

"ಥೌನಾ? ಹಾಗಾದ್ರೆ ಹತ್ತತ್ರ ಎಪ್ಪತ್ತೈದು ಮೈಕ್ರಾನ್" ಅಂದರು ಅಪ್ಪ. ಒಂದು ಕ್ಷಣವೂ ಯೋಚಿಸಲಿಲ್ಲ. "ನಿಮ್ಮಪ್ಪಂದೂ ಅಷ್ಟೇ ಇತ್ತು, ಕೂದಲಿದ್ದಾಗ."